ಕೊರಳಿನಿಂದ ರಟ್ಟೆಗೆ

ಕೋಳಿ ಕಾರ್ಖಾನೆಯ ಕೆಲಸ ಯಾಕೆ ಬೇಡ ಎಂದು ಸರ್ಕಾರಿ ಉದ್ಯೋಗ ಕಚೇರಿಯ ಕೇಸ್ ಮ್ಯಾನೇಜರ್ ಕೇಳಿದಾಗ, ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂದೆ. ಮದ್ಯದಂಗಡಿಯ ಕೌಂಟರಿನ ಕೆಲಸ ಬಂದಾಗಲೂ ಅದನ್ನೇ ಹೇಳಿದೆ. ಸುಳ್ಳೇನಲ್ಲ. ನಾಲ್ಕೂವರೆ ವರ್ಷದ ವಚನಾಳನ್ನು ಬೆಳಗಿನ ಕತ್ತಲಲ್ಲಿ ಯಾರ ಕೈಗೆ ಕೊಡಲಿ? ಆದರೆ ಪೂರ್ತಿ ನಿಜವೂ ಅಲ್ಲ. ನಾನು ಲಿಂಗವಂತಳು, ಮಾಂಸ ಮುಟ್ಟುವುದಿಲ್ಲ, ಹೆಂಡ ಮಾರುವುದಿಲ್ಲ ಎಂದು ಆ ಕಚೇರಿಯ ಮೇಜಿನ ಮುಂದೆ ಕೂತು ವಿವರಿಸುವ ತಾಳ್ಮೆ ನನಗಿರಲಿಲ್ಲ. ಲಿಂಗ ಎಂದರೇನು ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ತಲೆ ಒಂದು ಕಡೆ ವಾಲಿಸಿ ‘ಎಷ್ಟು ಚೆನ್ನಾಗಿದೆ’ ಎನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಮಗುವಿನ ನೆಪವೇ ಸಲೀಸು.

ನನ್ನ ಕೇಸ್ ಮ್ಯಾನೇಜರ್ ಕೆಟ್ಟವಳೇನಲ್ಲ. ನನಗಿಂತ ಚಿಕ್ಕವಳು, ಮೇಜಿನ ಮೇಲೆ ತನ್ನ ನಾಯಿಯ ಫೋಟೋ ಇಟ್ಟುಕೊಂಡಿದ್ದಳು. ಮೂರನೆಯ ಕೆಲಸ ತೋರಿಸುವಾಗ ಅವಳ ದನಿಯೇ ಸಣ್ಣಗಾಯಿತು. ಬಿಸ್ಕತ್ತಿನ ಕಾರ್ಖಾನೆ, ಪ್ಯಾಕಿಂಗ್ ವಿಭಾಗ, ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡು. ಶುಕ್ರವಾರ ಒಂದು ದಿನ ಕೆಲಸ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಸೋಮವಾರದಿಂದ ಕಾಯಂ. ಇದನ್ನೂ ಸಕಾರಣವಿಲ್ಲದೆ ಬಿಟ್ಟರೆ ನಿನ್ನ ಬೆನಿಫಿಟ್, ಕೆಲಸವಿಲ್ಲದವರಿಗೆ ಸರ್ಕಾರ ಕೊಡುವ ಹಣ, ಅರ್ಧಕ್ಕೆ ಇಳಿಯುತ್ತದೆ, ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ ಎಂದಳು. ನಾನು ಕಾಲು ಅಲ್ಲಾಡಿಸುತ್ತ ಕೂತಿದ್ದೆ. ಆ ಕಚೇರಿಗೆ ಹೋದರೆ ನನ್ನ ಕಾಲು ಒಂದು ಕ್ಷಣ ಸುಮ್ಮನಿರುವುದಿಲ್ಲ.

ಬಿಟ್ಟಿ ಅನ್ನ ಉಣ್ಣುವ ಆಸೆ ನನಗೂ ಇಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ದುಡಿಯದೆ ತಟ್ಟೆಯ ಮುಂದೆ ಕೂತವರಿಗೆ ಮರ್ಯಾದೆ ಇರಲಿಲ್ಲ. ನಮ್ಮಪ್ಪ ನಾಗಪ್ಪ ಕಾಯಕ ಎಂಬ ಮಾತನ್ನು ಉಪ್ಪಿನಕಾಯಿಯಂತೆ ಪ್ರತಿ ಊಟಕ್ಕೂ ಬಡಿಸುತ್ತಿದ್ದರು. ವೀಡಿಯೋ ಕಾಲ್‌ನಲ್ಲಿ ಅವರು “ನೌಕರಿ ಏನಾತವಾ ದ್ರಾಕ್ಷಾಯಣಿ?” ಅಂದಾಗ, ಇಲ್ಲಿ ಸಿಗ್ನಲ್ ಸರಿ ಇಲ್ಲ ಎಂದು ಎಷ್ಟು ಸಲ ಫೋನ್ ಇಟ್ಟಿದ್ದೇನೋ. ನನ್ನ ಗಂಡ ನಂದೀಶ ಕೆಲಸಕ್ಕೆಂದು ಪರ್ತ್‌ಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ಬಗ್ಗೆ ಹೇಳುವುದು ಇಷ್ಟೇ. ಹೆಚ್ಚು ಹೇಳಿದರೆ ನನ್ನ ಬಾಯೇ ಹೊಲಸಾಗುತ್ತದೆ.

ಬಿಸ್ಕತ್ತಿನಲ್ಲಿ ಕೋಳಿಯೂ ಇಲ್ಲ, ಹೆಂಡವೂ ಇಲ್ಲ. ದೇವರೇ ಕಳಿಸಿದ ಕೆಲಸ ಎಂದುಕೊಂಡು ಗುರುವಾರ ಕಾರ್ಖಾನೆ ನೋಡಲು ಸೈಕಲ್ ಹತ್ತಿ ಹೋದೆ. ನಾನಿರುವ ಪಾಮರ್ಸ್ಟನ್ ನಾರ್ತ್‌ನ ರಸ್ತೆಗಳು ಚಪಾತಿ ಮಣೆಯಂತೆ ಸಪಾಟು, ಆದರೆ ಗಾಳಿ ಎದುರಿಗಿದ್ದರೆ ಏರು ಹತ್ತಿದಷ್ಟೇ ದಣಿವು. ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿಯ ಹೆಸರು ಮರಾಮ. ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನದ ದಪ್ಪಗಿನ ಹೆಂಗಸು, ನಗುವುದು ಕಡಿಮೆ. ತಲೆಗೆ ಬಲೆ, ಕಿವಿಗೆ ಬಿರಡೆ ಬೇಕು, ಉಗುರಿಗೆ ಬಣ್ಣ ಬೇಡ ಎಂದೆಲ್ಲ ಹೇಳುತ್ತ ಬಂದವಳು ಕೊನೆಗೆ ಗೋಡೆಯ ಮೇಲಿನ ಚಿತ್ರ ತೋರಿಸಿದಳು. ಕೊರಳಿನಲ್ಲಿ ಏನೂ ಇರಕೂಡದು. ಸರ, ದಾರ, ತಾಯಿತ, ಶಿಲುಬೆ, ಏನೂ. ಎಲ್ಲವನ್ನೂ ಬಿಚ್ಚಿ ಲಾಕರಿನಲ್ಲಿಡಬೇಕು. ಮದುವೆಯ ಉಂಗುರ, ಹರಳಿಲ್ಲದ್ದು, ಅದೊಂದು ಮಾತ್ರ ಇರಬಹುದು.

ನಾನು ಸುಮ್ಮನೆ ತಲೆಯಾಡಿಸಿದೆ. ನನ್ನ ಸ್ವೆಟರಿನ ಒಳಗೆ, ಎದೆಯ ನಡುವೆ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತಿತ್ತು, ಅದರೊಳಗೆ ನನ್ನ ಇಷ್ಟಲಿಂಗ. ಎಂಟು ವರ್ಷದವಳಿದ್ದಾಗ ಅಯ್ಯನವರು ಕಟ್ಟಿದ್ದು. ಸ್ನಾನಕ್ಕೂ ಇಳಿಸಿಲ್ಲ, ಹೆರಿಗೆ ಕೋಣೆಯಲ್ಲೂ ಇಳಿಸಿಲ್ಲ. ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜೆ ಮಾಡಿ ಮತ್ತೆ ಎದೆಗೆ. ನಮ್ಮವ್ವ ತೀರಿಕೊಂಡಾಗ ಅವಳದನ್ನು ಅವಳ ಕೈಯಲ್ಲೇ ಇಟ್ಟು ಮಣ್ಣು ಮಾಡಿದರು. ಅದು ಮೈ ಬಿಡುವಂಥದ್ದಲ್ಲ.

ಬಿಟ್ಟುಹೋದ ಗಂಡನ ಉಂಗುರ ಇರಬಹುದಂತೆ, ಎಂದೂ ಬಿಡದ ಲಿಂಗ ಬೇಡವಂತೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಇದನ್ನೇ ಬಾಯೊಳಗೆ ಬೈದುಕೊಂಡು ಪೆಡಲ್ ತುಳಿದೆ. ದುಡಿ ಎನ್ನುವುದೂ ಅದೇ ಧರ್ಮ, ಲಿಂಗ ಇಳಿಸಬೇಡ ಎನ್ನುವುದೂ ಅದೇ ಧರ್ಮ. ನಾನು ಯಾರ ಮಾತು ಕೇಳಲಿ? ಬೇಡ ಎಂದರೆ ಅರ್ಧ ಬೆನಿಫಿಟ್‌ನಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ. ಸಿಟ್ಟಿಗೆ ಅಳು ಬಂತು, ಗಾಳಿಗೆ ಕಣ್ಣೀರು ಕಿವಿಯ ಕಡೆ ಹರಿಯಿತು.

ಮಗುವಿನ ಏರ್ಪಾಡು ಮಾತ್ರ ಆಗಿತ್ತು. ಪಕ್ಕದ ಮನೆಯ ನೂರ್‌ಜಹಾನ್ ಆಂಟಿ ಗದಗಿನವರು. ಅವರ ಯಜಮಾನರು ಸನಾವುಲ್ಲಾ ಅಂಕಲ್ ಮೂಲೆಯ ಡೇರಿ ನಡೆಸುತ್ತಾರೆ. ಡೇರಿ ಎಂದರೆ ಇಲ್ಲಿ ಹಾಲು ಮಾತ್ರವಲ್ಲ, ಬ್ರೆಡ್ಡು, ಪೆಪ್ಪರ್ಮಿಂಟು ಎಲ್ಲ ಸಿಗುವ ಸಣ್ಣ ಅಂಗಡಿ. ಬೇಲಿಯ ಆಚೆಯಿಂದ ಆಂಟಿಯ ಕನ್ನಡ ಕೇಳಿದ ಮೊದಲ ದಿನ ನನಗೆ ಊರಿಗೆ ಹೋಗಿಬಂದಷ್ಟು ಖುಷಿಯಾಗಿತ್ತು. ಆದರೆ ಅವರ ಅಡುಗೆಮನೆಯಿಂದ ಮಟನ್ ವಾಸನೆ ಬರುತ್ತಿತ್ತು. ಮೊದಲ ಸಲ ಹೋದಾಗ ಅವರು ಕೊಟ್ಟ ಚಹಾವನ್ನು, ಈಗಷ್ಟೇ ಆಯಿತು ಎಂದು ಬೇಡ ಎಂದಿದ್ದೆ. ಎರಡನೆಯ ಸಲ ನೀರು ಕೊಟ್ಟಾಗಲೂ ಬೇಡ ಎಂದೆ. ಮೂರನೆಯ ಸಲ ಅವರು ಏನನ್ನೂ ಕೊಡಲಿಲ್ಲ. ಅರ್ಥ ಮಾಡಿಕೊಂಡಿದ್ದರು. ಆ ಮೇಲೂ ಮಾತು ಬಿಡಲಿಲ್ಲ, ಅದು ಅವರ ದೊಡ್ಡತನ.

“ಮುಂಜಾನೆ ನಾ ಫಜರ್ ನಮಾಜಿಗೆ ಎದ್ದೇ ಇರ್ತೀನಿ. ಕೂಸಿನ್ನ ತಂದು ಬಿಡು. ಎಂಟೂವರಿಗೆ ಕಿಂಡರ್‌ಗಾರ್ಟನ್ನಿಗೆ ನಾನ ಬಿಟ್ಟು ಬರ್ತೀನಿ,” ಎಂದಿದ್ದರು.

“ಆಕಿಗೆ ಡಬ್ಬಿ ಕಟ್ಟಿ ಕೊಡ್ತೀನ್ರಿ ಆಂಟಿ. ನೀವು ಏನೂ ತ್ರಾಸ ತಗೋಬ್ಯಾಡ್ರಿ.”

“ಗೊತ್ತೈತಿ ಬಿಡವಾ. ನಾ ಏನೂ ತಿನಿಸಂಗಿಲ್ಲ,” ಎಂದು ಆಂಟಿ ನಕ್ಕಿದ್ದರು. ಆ ನಗು ನನಗೆ ಸ್ವಲ್ಪ ಚುಚ್ಚಿತು.

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ ಲಿಂಗವನ್ನು ಅಂಗೈಯಲ್ಲೇ ಹಿಡಿದು ಕೂತೆ. ಲಾಕರಿನ ಚಿತ್ರ ಕಣ್ಣಿನ ಮುಂದೆ ಬಂತು. ಯಾರದೋ ಬೂಟು, ಯಾರದೋ ಮಾಂಸದ ಪೈ, ಅದರ ಪಕ್ಕ ನನ್ನ ಲಿಂಗ. ಮನೆಯ ದೇವರ ಜಗಲಿಯ ಮೇಲಿಟ್ಟು ಹೋದರೆ ಅದು ಕಲ್ಲಾಗಿಬಿಡುತ್ತದೆ ಎಂದು ಅವ್ವ ಹೆದರಿಸುತ್ತಿದ್ದಳು. ಅದಕ್ಕೆ ಮೈ ಬೇಕು, ಮೈಯ ಬಿಸಿ ಬೇಕು. ಎದುರಿಗೆ ವಚನಾ ಕಣ್ಣುಜ್ಜುತ್ತ, ದಿನಾ ಮಾಡುವಂತೆ ತನ್ನ ಬರಿಯ ಅಂಗೈ ಚಾಚಿ ನನ್ನನ್ನೇ ಅನುಕರಿಸುತ್ತ ಕೂತಿದ್ದಳು. ಇಲ್ಲಿ ಹುಟ್ಟಿದವಳು, ಅವಳಿಗೆ ಇನ್ನೂ ಲಿಂಗಧಾರಣೆ ಆಗಿರಲಿಲ್ಲ.

ಒಬ್ಬರ ಲಿಂಗ ಇನ್ನೊಬ್ಬರ ಕೊರಳಿಗೆ ಬರುವುದಿಲ್ಲ. ಗಂಡನದು ಹೆಂಡತಿಗಿಲ್ಲ, ತಾಯಿಯದು ಮಗಳಿಗಿಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಇವಳು ನನ್ನ ಹೊಟ್ಟೆಯಲ್ಲೇ ಇದ್ದವಳಲ್ಲವೇ, ಇವಳ ಮೈಯೂ ನನ್ನ ಮೈಯೇ ಎಂದು ನನಗೆ ನಾನೇ ವಾದ ಹೂಡಿದೆ. ಗಡಿಬಿಡಿಯಲ್ಲಿ ಎಲ್ಲ ವಾದವೂ ಸರಿ ಕಾಣುತ್ತದೆ. ಕರಡಿಗೆಯನ್ನು ಅವಳ ಕೊರಳಿಗೆ ಹಾಕಿ, ದಾರ ಗಿಡ್ಡ ಮಾಡಿ ಗಂಟು ಹಾಕಿ, ಮೇಲೆ ಸ್ವೆಟರ್ ಎಳೆದೆ.

“ವಚನೂ, ಇದನ್ನ ಯಾರಿಗೂ ಕೊಡಬಾರದು. ಕೆಳಗ ಇಡಬಾರದು. ಮೈಮ್ಯಾಲ ಇರಬೇಕು. ತಿಳೀತೇನು?”

“ಓಕೆ, ಅವ್ವಾ. ಆನ್ ಮೈ ಬಾಡಿ,” ಎಂದಳು ಅವಳು. ನಮ್ಮ ಮನೆಯಲ್ಲಿ ಪ್ರಶ್ನೆ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ.

ಹೊರಗೆ ಹುಲ್ಲಿನ ಮೇಲೆ ಬಿಳಿಯ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಬಾಗಿಲಲ್ಲಿ ಆಂಟಿಯ ಕೈಗೆ ಮಗುವನ್ನೂ ಡಬ್ಬಿಯನ್ನೂ ಕೊಟ್ಟು, ಕೊರಳಿನದರ ಬಗ್ಗೆ ಒಂದು ಮಾತೂ ಹೇಳದೆ ಸೈಕಲ್ ಹತ್ತಿದೆ. ಹೇಳಿದ್ದರೆ ಏನು ಹೋಗುತ್ತಿತ್ತೋ ಕಾಣೆ.

ಕೆಲಸ ಕಷ್ಟದ್ದಲ್ಲ. ಬೆಲ್ಟಿನ ಮೇಲೆ ಬಿಸ್ಕತ್ತುಗಳು ಸಾಲಾಗಿ ಬರುತ್ತವೆ, ಮುರಿದದ್ದನ್ನು ತೆಗೆದು ಉಳಿದವನ್ನು ತಟ್ಟೆಯಲ್ಲಿ ಜೋಡಿಸಬೇಕು. ನನ್ನ ಕೈ ಚುರುಕು. ಇಳಕಲ್ಲಿನಲ್ಲಿ ರೊಟ್ಟಿ ಬಡಿದ ಕೈ, ಬಿಸ್ಕತ್ತು ಯಾವ ಲೆಕ್ಕ? ಆದರೆ ಸ್ವಲ್ಪ ಹೊತ್ತಿಗೆ ಮರಾಮ ಬಂದು ನನ್ನ ಮೊಣಕೈ ತಟ್ಟಿದಳು. ನೀನು ಕೆಲಸದ ಕೋಟು ಮುಟ್ಟಿಕೊಂಡೆ, ಹೋಗಿ ಕೈ ತೊಳೆದುಕೊಂಡು ಬಾ ಎಂದಳು. ನನಗೆ ಗೊತ್ತೇ ಆಗಿರಲಿಲ್ಲ. ಬಲಗೈ ತಾನಾಗಿ ಎದೆಗೆ ಹೋಗಿತ್ತು.

ತೊಳೆದುಕೊಂಡು ಬಂದೆ. ಮತ್ತೆ ಹೋಯಿತು. ಮತ್ತೆ ತೊಳೆದೆ. ಬೇಡ ಬೇಡ ಎಂದಷ್ಟೂ ಆ ಕೈ ಹಟ ಹಿಡಿಯಿತು. ಎದೆಯ ಮೇಲೆ ಆ ಸಣ್ಣ ಭಾರ ಇಲ್ಲದೆ ಉಸಿರು ಕೂಡ ಸರಿಯಾಗಿ ಕೂರುತ್ತಿರಲಿಲ್ಲ. ಆಟ ಆಡುವಾಗ ದಾರ ಹರಿದರೆ? ಮರಳಿನ ಗುಂಡಿಯಲ್ಲಿ ಬಿದ್ದರೆ? ಯಾವುದೋ ಮಗು ಕರಡಿಗೆ ತೆಗೆದು ಬಾಯಿಗೆ ಹಾಕಿಕೊಂಡರೆ? ಬೆಲ್ಟು ಓಡುತ್ತಿತ್ತು, ನನ್ನ ತಲೆ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಸೋಪಿಗೆ ಬೆರಳ ಸಂದಿಯ ಚರ್ಮ ಕೆಂಪಾಗಿ ಉರಿಯತೊಡಗಿತು.

ಹನ್ನೆರಡಕ್ಕೆ ಗಂಟೆ ಬಾರಿಸಿದ ಮೇಲೆ ಮರಾಮ ನನ್ನನ್ನು ಪಕ್ಕಕ್ಕೆ ಕರೆದಳು.

“ಕೈಯಲ್ಲಿ ನಿನ್ನಷ್ಟು ವೇಗ ಇಲ್ಲಿ ಕೆಲವರಿಗೇ ಇದೆ,” ಎಂದಳು. “ಆದರೆ ಆ ಕೈ ಇಡೀ ಹೊತ್ತು ಏನನ್ನೋ ಹುಡುಕುತ್ತದೆ. ಇದು ತಿನ್ನುವ ಪದಾರ್ಥ, ನಾನು ಬಿಟ್ಟುಕೊಡಲು ಬರುವುದಿಲ್ಲ. ಏನು ಹುಡುಕುತ್ತೀಯ?”

“ಏನೂ ಇಲ್ಲ,” ಎಂದೆ.

“ಸರಿ. ಆ ಕೈಯನ್ನು ಸುಮ್ಮನಿರಿಸಲು ನಿನಗೆ ಆಗುತ್ತದೋ ಇಲ್ಲವೋ, ಎರಡು ಗಂಟೆಯ ಒಳಗೆ ಫೋನ್ ಮಾಡು. ಆಮೇಲೆ ನಾನು ಆ ಜಾಗಕ್ಕೆ ಬೇರೆಯವರನ್ನು ಕರೆಯುತ್ತೇನೆ.”

ಸೈಕಲ್ಲನ್ನು ಎಷ್ಟು ಜೋರಾಗಿ ತುಳಿದೆನೆಂದರೆ ದಾರಿಯಲ್ಲಿ ಒಬ್ಬ ಪಿಕಪ್ ಗಾಡಿಯವನು ಹಾರ್ನ್ ಹೊಡೆದು ಬೈದು ಹೋದ. ಕಿಂಡರ್‌ಗಾರ್ಟನ್ನಿನ ಬೇಲಿಯ ಹತ್ತಿರ ಸೈಕಲ್ ಎಸೆದು ಒಳಗೆ ಓಡಿದೆ. ವಚನಾ ಮೇಜಿನ ಮುಂದೆ ಬಣ್ಣದ ಹಿಟ್ಟು ಮಿದಿಯುತ್ತಿದ್ದಳು. ಸ್ವೆಟರ್ ಸರಿಸಿ ನೋಡಿದೆ. ಬರೀ ಕೊರಳು.

“ಎಲ್ಲೈತಿ?”

“ಆಂಟೀಸ್ ಗಾಟ್ ಇಟ್,” ಎಂದಳು ಹಿಟ್ಟಿನಿಂದ ಕಣ್ಣೆತ್ತದೆ.

ಟೀಚರು ಬಂದು ವಿವರಿಸಿದಳು. ಮಕ್ಕಳ ಕೊರಳಿನಲ್ಲಿ ದಾರ ಇದ್ದರೆ ಆಟದಲ್ಲಿ ಎಲ್ಲಾದರೂ ಸಿಕ್ಕಿ ಉರುಳಾಗುತ್ತದೆ, ಅದಕ್ಕೆ ಬಿಚ್ಚಿ ಚೀಲದಲ್ಲಿಡೋಣ ಎಂದಳಂತೆ. ಇವಳು ಕೊರಳು ಹಿಡಿದುಕೊಂಡು ನೆಲಕ್ಕೆ ಬಿದ್ದು ಅತ್ತಳಂತೆ, ಅದು ಮೈಮೇಲೇ ಇರಬೇಕು ಎಂದು. ಬಿಡಲು ಬಂದಿದ್ದ ಆ ಅಜ್ಜಿ ಹತ್ತಿರ ಕೂತು ಏನೋ ಹೇಳಿದ ಮೇಲೆ ತಾನಾಗಿಯೇ ಬಿಚ್ಚಿಸಿಕೊಂಡು ಅವರಿಗೆ ಕೊಟ್ಟಳಂತೆ. ನಾನು ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಿಲ್ಲ. ಮಗುವನ್ನು ಸೈಕಲ್ಲಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಮನೆಯ ಕಡೆ ಹೊರಟೆ. ಆಂಟಿ ಅದನ್ನು ಎಲ್ಲಿಟ್ಟಿರುತ್ತಾರೆ? ಅಡುಗೆಮನೆಯ ಕಟ್ಟೆಯ ಮೇಲೆಯೇ? ಫ್ರಿಜ್ಜಿನ ಮೇಲೆಯೇ? ಆ ಮಟನ್ ಪಾತ್ರೆಗಳ ನಡುವೆ? ನನ್ನ ಮನಸ್ಸು ಆಗ ಎಷ್ಟು ಕೆಟ್ಟದಾಗಿತ್ತೆಂದು ಹೇಳಿದರೆ ನೀವು ನನ್ನ ಜೊತೆ ಮಾತಾಡಲಿಕ್ಕಿಲ್ಲ.

ನೂರ್‌ಜಹಾನ್ ಆಂಟಿ ಹಿತ್ತಲಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು. ಪಕ್ಕದಲ್ಲಿ ಅಕ್ಕಿಯ ಪಾತ್ರೆ, ಅರ್ಧ ತೊಳೆದದ್ದು, ನೀರು ಬೆಳ್ಳಗೆ ನಿಂತಿತ್ತು. ಅವರ ಬಲಗೈ ಮುಷ್ಟಿ ಕಟ್ಟಿ ಮಡಿಲಲ್ಲಿತ್ತು. ಮುಷ್ಟಿಯ ಸಂದಿಯಿಂದ ಶಿವದಾರದ ತುದಿ ಇಣುಕುತ್ತಿತ್ತು.

“ಬಂದಿ ಏನವ್ವಾ? ಝುಹರ್ ನಮಾಜಿನ ಹೊತ್ತಾಗೇತಿ, ನೀ ಯಾವಾಗ ಬರ್ತಿ ಅಂತ ದಾರಿ ಕಾಯಾಕತ್ತಿನಿ,” ಎಂದರು. “ತಗೋ. ಬೆರಳು ಬಿಗದಾವು, ನೀನ ಬಿಡಿಸು.”

“ಮುಂಜಾನಿಂದ ಹಿಂಗ ಹಿಡಕೊಂಡೀರೇನ್ರಿ?”

“ಮತ್ತ? ಕೂಸು ಹೇಳೇತಲ್ಲ, ಕೆಳಗ ಇಡಬಾರದು, ಮೈಮ್ಯಾಲ ಇರಬೇಕು ಅಂತ. ನಾನೂ ಹೂಂ ಅಂದೀನಿ. ಒಂದ ಕೈಲೆ ಅಕ್ಕಿ ತೊಳಿಯಾಕ ಹೋದ್ನಿ, ಆಗಲಿಲ್ಲ.”

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. “ಆಂಟಿ, ನಿಮ್ಮಲ್ಲಿ ಇದನ್ನ ಹಿಡಕೋಬಹುದೇನ್ರಿ? ನಿಮಗ ತಪ್ಪಾಗಂಗಿಲ್ಲೇನು?”

“ನಾ ನಿನ್ನ ದೇವರ ಪೂಜಿ ಮಾಡಿಲ್ಲವ್ವಾ. ನಿನ್ನ ಅಮಾನತ್ತು ಹಿಡಕೊಂಡೀನಿ. ನಂಬಿ ಕೊಟ್ಟದ್ದನ್ನ ಹೆಂಗ ಕೊಟ್ಟಾರೋ ಹಂಗ ಕಾಯಬೇಕು, ಅದು ನಮ್ಮ ದೀನ್, ನಮ್ಮ ಧರ್ಮ. ಅದರಾಗ ತಪ್ಪೇನೈತಿ?” ಎಂದು ಮುಷ್ಟಿ ನನ್ನ ಕಡೆ ಚಾಚಿದರು. “ಆದ್ರ ನೀ ನನಗ ಹೇಳಿ ಹೋಗಬೇಕಿತ್ತು. ಕೂಸಿನ ಮ್ಯಾಲ ಇಷ್ಟು ಭಾರ ಹಾಕ್ತಾರೇನು?”

ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕರಡಿಗೆಯ ಗುರುತು ಅಂಗೈಯಲ್ಲಿ ಅಚ್ಚಾಗಿತ್ತು. ಬೆಳ್ಳಿ ಬೆಚ್ಚಗಿತ್ತು. ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡೆ. ಆಮೇಲೆ ತಡೆಯಲಾಗದೆ ಅತ್ತುಬಿಟ್ಟೆ. ಕಾರ್ಖಾನೆಯ ನಿಯಮ, ತೊಳೆದು ತೊಳೆದು ಉರಿಯುವ ಕೈ, ಎರಡು ಗಂಟೆಯ ಗಡುವು, ಅರ್ಧವಾಗುವ ಬೆನಿಫಿಟ್, ಎಲ್ಲವನ್ನೂ ಅಳುತ್ತಲೇ ಹೇಳಿದೆ. ಒಬ್ಬರ ಮುಂದೆ ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು.

ಆಂಟಿ ತಮ್ಮ ಬೆರಳು ಉಜ್ಜಿಕೊಳ್ಳುತ್ತ ಕೇಳಿದರು. “ದಿನಾ ನಾ ಹಿಡಕೊಂಡು ಕುಂದ್ರಾಕ ಆಗಂಗಿಲ್ಲವ್ವಾ, ನನಗೂ ನಮಾಜ್ ಐತಿ. ರಟ್ಟಿಗೆ ಕಟ್ಟಿಕೊಂಡ್ರ ನಡಿಯಂಗಿಲ್ಲೇನು?”

“ರಟ್ಟಿಗೆ?”

“ನಮ್ಮಲ್ಲಿ ಊರು ಬಿಟ್ಟು ಹೋಗೋರ ರಟ್ಟಿಗೆ ಇಮಾಮ್ ಜಾಮೀನು ಕಟ್ತೀವಿ. ಅರಿವ್ಯಾಗ ರೊಕ್ಕ ಸುತ್ತಿ. ನಮ್ಮ ಮಗ ಮಾಝ್ ಸಿಡ್ನಿಗೆ ಹೋಗೋ ಮುಂದ ಕಟ್ಟಿದ್ನಿ. ಅಲ್ಲಿ ಇಳಿಯೋತನಾ ಸಡಲಿರಲಿಲ್ಲ. ಅಂಗಿಯೊಳಗ ಯಾರಿಗೂ ಕಾಣಂಗಿಲ್ಲ.”

ನಡೆಯುತ್ತದೆ. ರಟ್ಟೆಗೂ ಕಟ್ಟಿಕೊಳ್ಳಬಹುದು, ಹೊಕ್ಕುಳಿನ ಕೆಳಗೆ ಇಳಿಯಬಾರದು, ಅಷ್ಟೇ. ಬೇಸಾಯದ ದಿನಗಳಲ್ಲಿ ನಮ್ಮ ದೊಡ್ಡಪ್ಪ ಹಾಗೆ ಕಟ್ಟಿಕೊಂಡದ್ದನ್ನು ನಾನೇ ನೋಡಿದ್ದೆ. ನೆನಪಾಗಿರಲಿಲ್ಲ. ಎರಡು ದಿನದಿಂದ ಜಗತ್ತಿನ ಜೊತೆ ಜಗಳಾಡುತ್ತಿದ್ದೆನೇ ಹೊರತು ಯೋಚನೆ ಮಾಡಿರಲಿಲ್ಲ.

“ಆದ್ರ ಆ ಮರಾಮ ಒಪ್ಪಬೇಕಲ್ರಿ.”

“ಕೇಳಿಯೇನು?”

“ಇಲ್ರಿ.”

“ಕೇಳಲಾರದ ಆಕಿ ಒಪ್ಪಂಗಿಲ್ಲ ಅಂತ ನೀನ ಹೆಂಗ ಹೇಳ್ತಿ? ಫೋನ್ ಹಚ್ಚು,” ಎಂದು ಆಂಟಿ ನಮಾಜಿಗೆ ಕೈಕಾಲು ತೊಳೆದು ವಜೂ ಮಾಡಲು ಒಳಗೆ ಹೋದರು.

ಫೋನ್ ಹಚ್ಚಿದೆ. ಮರಾಮಳಿಗೆ ಎಲ್ಲ ಹೇಳಿದೆ. ಕೊರಳಿನಲ್ಲಿ ಏನಿತ್ತು, ಯಾಕೆ ಲಾಕರಿನಲ್ಲಿ ಇಡಲಾಗಲಿಲ್ಲ, ಮಗುವಿಗೆ ಕಟ್ಟಿ ಬಂದದ್ದು, ಬೇಲಿಯಾಚೆಯ ಆಂಟಿ ಮುಷ್ಟಿಯಲ್ಲಿ ಹಿಡಿದು ಕೂತದ್ದು. ನನ್ನ ಇಂಗ್ಲಿಷು ಅಲ್ಲಲ್ಲಿ ಎಡವಿತು. ‘ಎಷ್ಟು ಚೆನ್ನಾಗಿದೆ’ ಎಂಬ ಮಾತಿಗಾಗಿ ಹಲ್ಲು ಕಚ್ಚಿ ಕಾದೆ.

“ಗಾತ್ರ ಎಷ್ಟು?” ಎಂದಳು ಮರಾಮ.

“ಬೆಳ್ಳಿಯ ಡಬ್ಬಿ ಬಿಟ್ಟರೆ ಒಂದು ಸಣ್ಣ ಗೋಲಿಯಷ್ಟು.”

“ಲೋಹ ಬೇಡ. ಕೊರಳಂತೂ ಬೇಡವೇ ಬೇಡ, ಬೆಲ್ಟಿಗೆ ದಾರ ಸಿಕ್ಕರೆ ಕತ್ತು ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿ ತೋಳಿಗೆ ಬಿಗಿಯಾಗಿ ಕಟ್ಟಿಕೊಂಡು ಬಾ. ಗಾಯಕ್ಕೆ ಹಾಕುವ ನೀಲಿ ಪಟ್ಟಿಯನ್ನು ನಾನು ಮೇಲೆ ಸುತ್ತುತ್ತೇನೆ. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ನನಗೆ ತೋರಿಸಬೇಕು. ಮತ್ತೆ ಕೈ ಎದೆಗೆ ಹೋದರೆ ಮನೆಗೆ ಕಳಿಸುತ್ತೇನೆ.” ಆಮೇಲೆ ಕೇಳಿದಳು, “ಬೆಳಿಗ್ಗೆ ಆರಕ್ಕೇ ಯಾಕೆ ಹೇಳಲಿಲ್ಲ?”

ಸೋಮವಾರ ಬರುತ್ತೇನೆ ಎಂದೆ.

ಒಳಗೆ ಆಂಟಿ ನಮಾಜಿಗೆ ನಿಂತಿದ್ದರು. ವಚನಾ ಬಾಗಿಲ ಬಳಿ ಕೂತು ಅವರು ಬಾಗಿದಾಗ ತಾನೂ ಬಾಗುತ್ತಿದ್ದಳು. ಬೈಯೋಣ ಎಂದು ಬಾಯಿ ತೆರೆದವಳು ಬೈಯದೆ, ಅಕ್ಕಿಯ ಪಾತ್ರೆ ಎತ್ತಿಕೊಂಡು ಆ ಅಡುಗೆಮನೆಗೆ ಹೋದೆ. ಉಳಿದ ಅಕ್ಕಿ ತೊಳೆದು ನೀರಿಟ್ಟು ಒಲೆ ಹಚ್ಚಿದೆ. ಬೆಳಗಿನಿಂದ ಗಂಟಲು ಒಣಗಿತ್ತು. ಅಲ್ಲೇ ಬೋರಲು ಹಾಕಿದ್ದ ಅವರ ಸ್ಟೀಲಿನ ಲೋಟ ತೆಗೆದು ನಲ್ಲಿಯ ನೀರು ಹಿಡಿದು ಎರಡು ಸಲ ಕುಡಿದೆ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿದೆ. ರಟ್ಟೆಗೆ ಕಟ್ಟಲು ಹೋದರೆ ಗಂಟು ಬೀಳಲೇ ಇಲ್ಲ. ತನ್ನ ತೋಳಿಗೆ ತಾನೇ ಒಂದು ಕೈಯಲ್ಲಿ ಹೇಗೆ ಕಟ್ಟಿಕೊಳ್ಳುವುದು? ಹಲ್ಲಿನಲ್ಲಿ ದಾರ ಕಚ್ಚಿ ಎಳೆದರೂ ಜಾರಿತು. ವಚನಾಳ ಸಣ್ಣ ಬೆರಳಿಗೆ ಬಲ ಸಾಲದು. ಹೊತ್ತು ಮೀರುತ್ತಿತ್ತು. ಎಡಗೈಯಿಂದ ರಟ್ಟೆಯನ್ನು ಅದುಮಿ ಹಿಡಿದುಕೊಂಡು, ಮಗುವನ್ನು ಮುಂದೆ ಮಾಡಿಕೊಂಡು ಬೇಲಿಯಾಚೆ ಹೋದೆ. ಆಂಟಿ ಬಾಗಿಲು ತೆರೆದರು, ನನ್ನ ತೋಳು ನೋಡಿದರು.

ದೀಪದ ಕೆಳಗೆ ನಿಲ್ಲಿಸಿ ದಾರವನ್ನು ಮೂರು ಸುತ್ತು ಸುತ್ತಿದರು. ಗಂಟು ಎಳೆಯುವಾಗ ಅವರ ತುಟಿ ಅಲುಗಿತು, ಬಿಸ್ಮಿಲ್ಲಾ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ಬಾಯಲ್ಲಿ ಆಗಲೇ ಓಂ ನಮಃ ಶಿವಾಯ ನಡೆದಿತ್ತು. ಇಬ್ಬರೂ ನಿಲ್ಲಿಸಲಿಲ್ಲ.

“ಭಾಳ ಬಿಗಿ ಆತೇನವ್ವಾ?”

“ಇಲ್ರಿ ಆಂಟಿ. ಇನ್ನೊಂದು ಗಂಟು ಹಾಕ್ರಿ.”